ಬೋಳು ಕತ್ತು, ಪಟ್ಟೆ ಗರಿ: ಮನೆಯಂಗಳದಲ್ಲಿ ಹೊಸ ಬಗೆಯ ನಾಟಿ ಕೋಳಿಯನ್ನು ರೂಪಿಸುವ ಕ್ರಮ

ಹಾಸನ ಜಿಲ್ಲೆಯ ಯಾವುದೇ ಸಂತೆಯಲ್ಲಿ ಕೋಳಿ ಮಾರುವವರ ಸಾಲಿನ ಮುಂದೆ ನಿಂತರೆ ಕೆಂಪು, ಕರಿ, ಬೂದು, ಚುಕ್ಕಿ, ಪಟ್ಟೆ, ಜುಟ್ಟಿನದು, ಬೋಳು ಕತ್ತಿನದು ಎಂದು ಹತ್ತಾರು ಬಗೆಯ ನಾಟಿ ಕೋಳಿಗಳು ಕಣ್ಣಿಗೆ ಬೀಳುತ್ತವೆ. ಆದರೆ ಚೆಲುವಾದ ಪಟ್ಟೆ ಹುಂಜವೊಂದನ್ನು ಮನೆಗೆ ತಂದ ಮಾತ್ರಕ್ಕೆ ಅದರ ಮರಿಗಳೂ ಪಟ್ಟೆಯಾಗಿ ಹುಟ್ಟುತ್ತವೆಂಬ ಖಾತರಿಯಿಲ್ಲ. ತಮ್ಮಂತಹದೇ ಮರಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಕೊಡುವ ಗುಂಪೊಂದು ಸಿದ್ಧವಾದಾಗ ಮಾತ್ರ ಹೊಸ ಬಗೆ ಹುಟ್ಟಿತೆಂದು ಹೇಳಬಹುದು. ಹಿತ್ತಲಲ್ಲಿ ಮೂರು ಸಣ್ಣ ಗೂಡುಗಳಿಗೆ ಜಾಗವಿದ್ದು, ಒಂದು ನೋಟ್‌ಬುಕ್ ತಪ್ಪದೆ ಬರೆಯುವ ಅಭ್ಯಾಸವಿದ್ದವರು ನಾಲ್ಕೈದು ವರ್ಷಗಳಲ್ಲಿ ಇದನ್ನು ಸಾಧಿಸಬಹುದು.

ಕೆಲಸ ಆರಂಭವಾಗುವುದು ಕೋಳಿ ಕೊಳ್ಳುವುದರಿಂದಲ್ಲ, ಗುರಿಯನ್ನು ಆರಿಸುವುದರಿಂದ. ಹವ್ಯಾಸಿಗಳಲ್ಲಿ ಹೆಚ್ಚಿನವರು ಕಣ್ಣಿಗೆ ಹಿಡಿಸಿದ ಬಣ್ಣದ ಹಿಂದೆ ಹೋಗುತ್ತಾರೆ. ಆ ಬಣ್ಣ ನೆಲೆ ನಿಲ್ಲುವಂತಹದೇ ಎಂದು ಮೊದಲು ಕೇಳಿಕೊಳ್ಳುವುದಿಲ್ಲ. ನೀಲಿ ಛಾಯೆಯ ಬೂದು ಕೋಳಿಯನ್ನೇ ನೋಡಿ. ಗುಣಗಳನ್ನು ಪೀಳಿಗೆಗೆ ದಾಟಿಸುವ ವಂಶವಾಹಿ (ಜೀನ್) ಮರಿಗೆ ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಯಲ್ಲಿ ಬರುತ್ತದೆ. ಕರಿ ಬಣ್ಣವನ್ನು ತಿಳಿಯಾಗಿಸುವ ವಂಶವಾಹಿ ಒಂದು ಪ್ರತಿಯಲ್ಲಿದ್ದಾಗ ಮಾತ್ರ ಆ ಬಣ್ಣ ಬರುತ್ತದೆ. ಆದ್ದರಿಂದ ಅಂತಹ ಹುಂಜವನ್ನು ಅಂತಹದೇ ಹೇಂಟೆಯೊಡನೆ ಕೂಡಿಸಿದರೂ ನಾಲ್ಕರಲ್ಲಿ ಸರಾಸರಿ ಎರಡು ಮರಿ ಮಾತ್ರ ಬೂದು ನೀಲಿಯಾಗಿ, ಒಂದು ಕರಿಯಾಗಿ, ಇನ್ನೊಂದು ಕೊಳಕು ಬಿಳುಪಿನ ಮೇಲೆ ಬೂದು ಚಿಮ್ಮಿದಂತೆ ಹುಟ್ಟುತ್ತವೆ. ಎಷ್ಟು ವರ್ಷ ಆಯ್ದರೂ ಈ ಲೆಕ್ಕ ಬದಲಾಗದು. ಗುಂಗುರು ಗರಿಯ ಕೋಳಿಯ ಕತೆಯೂ ಹೀಗೆಯೇ. ಗುಂಗುರಿಗೆ ಗುಂಗುರನ್ನೇ ಕೂಡಿಸಿದರೆ ಕಾಲು ಭಾಗ ಮರಿಗಳ ಗರಿ ಮುರಿದು ಮೈ ಬತ್ತಲಾಗುತ್ತದೆ. ಗಿಡ್ಡ ಕಾಲಿನ ಕೋಳಿಗಳಲ್ಲಂತೂ ಆ ವಂಶವಾಹಿಯ ಎರಡು ಪ್ರತಿ ಪಡೆದ ಭ್ರೂಣಗಳು ಮೊಟ್ಟೆಯಲ್ಲೇ ಸಾಯುತ್ತವೆ. ಇಂತಹವುಗಳನ್ನು ಮೊದಲ ಯೋಜನೆಯಾಗಿ ಎತ್ತಿಕೊಳ್ಳಬಾರದು.

ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಅತ್ಯಂತ ಅನುಕೂಲವಾದ ಗುರಿಯೆಂದರೆ ಕರಿ ಮೈಯ ಮೇಲೆ ಬಿಳಿ ಪಟ್ಟೆಯಿರುವ ಬೋಳು ಕತ್ತಿನ ನಾಟಿ ಕೋಳಿ. ಪಟ್ಟೆ ಮತ್ತು ಬೋಳು ಕತ್ತು ಎರಡೂ ಪ್ರಬಲ ಗುಣಗಳು. ಒಂದೇ ಪ್ರತಿಯಿದ್ದರೂ ಹೊರಗೆ ಕಾಣಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಒಂದಿದೆಯೋ ಎರಡಿದೆಯೋ ಎಂಬುದನ್ನೂ ಬಹುಮಟ್ಟಿಗೆ ಕಣ್ಣಿನಿಂದಲೇ ತಿಳಿಯಬಹುದು. ಬೋಳು ಕತ್ತಿನ ಕೋಳಿಯನ್ನು ಕೈಯಲ್ಲಿ ಹಿಡಿದು, ಮೇವುಚೀಲಕ್ಕೆ ತುಸು ಮೇಲೆ ಕತ್ತಿನ ಮುಂಭಾಗವನ್ನು ನೋಡಬೇಕು. ಅಲ್ಲಿ ಸಣ್ಣದೊಂದು ಗರಿಗುಚ್ಛವಿದ್ದರೆ ಅದು ಒಂದೇ ಪ್ರತಿಯ ಕೋಳಿ. ಗುಚ್ಛವಿಲ್ಲದೆ, ಅಥವಾ ಎರಡು ಮೂರು ಪುಕ್ಕ ಮಾತ್ರ ಉಳಿದು, ಕೆಂಪು ತೊಗಲು ಎದೆಯವರೆಗೂ ಇಳಿದಿದ್ದರೆ ಎರಡು ಪ್ರತಿಯದು. ಪಟ್ಟೆಯ ವಿಷಯದಲ್ಲಿ ಹುಂಜವನ್ನು ನೋಡಿದರೆ ಸಾಕು: ಎರಡು ಪ್ರತಿಯಿರುವ ಹುಂಜದ ಗರಿಗಳಲ್ಲಿ ಬಿಳಿ ಪಟ್ಟೆ ಅಗಲವಾಗಿದ್ದು ದೂರದಿಂದ ಮೈಯೆಲ್ಲ ತಿಳಿಬೂದಾಗಿ ತೋರುತ್ತದೆ, ಒಂದೇ ಪ್ರತಿಯದಾದರೆ ಕಪ್ಪೇ ಮುಂದಾಗಿ ಬಿಳಿ ತೆಳುವಾಗಿರುತ್ತದೆ.

ಊರಿನ ಹವೆಯನ್ನೂ ಗುರಿಯೊಳಗೆ ಸೇರಿಸಿಕೊಳ್ಳಬೇಕು. ಬೋಳು ಕತ್ತಿನ ವಂಶವಾಹಿ ಒಂದು ಪ್ರತಿಯಿದ್ದರೆ ಮೈಗರಿ ಸುಮಾರು ಶೇ. 20ರಷ್ಟು, ಎರಡಿದ್ದರೆ ಸುಮಾರು ಶೇ. 40ರಷ್ಟು ಕಡಿಮೆಯಾಗುತ್ತದೆ. ಇದರಿಂದ ಮೈಯ ಶಾಖ ಬೇಗ ಹೊರಹೋಗುವುದರಿಂದ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯ ಬೇಸಗೆಯಲ್ಲಿ ಈ ಕೋಳಿ ಚೆನ್ನಾಗಿ ಬಾಳುತ್ತದೆ. ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಆಷಾಢದ ಜಡಿಮಳೆಗೆ ಗರಿ ಕಡಿಮೆಯಿರುವ ಕೋಳಿ ನಡುಗುವುದನ್ನು ನೋಡಬೇಕಾಗುತ್ತದೆ. ಅಲ್ಲಿಯವರು ಇದೇ ಕ್ರಮವನ್ನು ಗರಿ ತುಂಬಿದ ಕತ್ತಿನ ಪಟ್ಟೆ ಕೋಳಿಗೆ ಅನ್ವಯಿಸಿಕೊಂಡರೆ ಸಾಕು, ಕೆಲಸವೂ ಅರ್ಧ ಕಡಿಮೆಯಾಗುತ್ತದೆ.

ಮೂಲ ಕೋಳಿಗಳ ಆಯ್ಕೆಯಲ್ಲಿ ಆತುರ ಸಲ್ಲದು. ಬೇರೆ ಬೇರೆ ಊರಿನಿಂದ ಎರಡು ತಿಳಿಬೂದು ಪಟ್ಟೆ ಹುಂಜಗಳನ್ನೂ, ಸಾಧ್ಯವಾದಷ್ಟು ಅಚ್ಚಗಪ್ಪಾದ ಆರೆಂಟು ಬೋಳು ಕತ್ತಿನ ಹೇಂಟೆಗಳನ್ನೂ ಹುಡುಕಬೇಕು. ಮೈ ಕರಿಯಾಗಿದ್ದರೆ ಮಾತ್ರ ಪಟ್ಟೆ ಗೆರೆ ಎಳೆದಂತೆ ನಿಲ್ಲುತ್ತದೆ; ಕೆಂಪು ಮೈಯ ಮೇಲೆ ಅದು ಮಸುಕಾಗಿ ಕಲಸಿಹೋಗುತ್ತದೆ. ಹುಂಜದ ಬೆನ್ನಿನ ಮೇಲೆ, ಬಾಲದ ಬುಡದಲ್ಲಿ ಹೊಂಬಣ್ಣ ಇಣುಕುತ್ತಿದ್ದರೆ ಬಿಟ್ಟುಬಿಡುವುದು ಲೇಸು. ಗಿರಿರಾಜವನ್ನು ಇಲ್ಲಿ ಬಳಸಬಾರದು. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಅದು ಹಿತ್ತಲ ಸಾಕಣೆಗೆ ಒಳ್ಳೆಯ ಕೋಳಿಯೇ ಹೌದು, ಆದರೆ ಅದು ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆಯ ಮರಿಗಳು ತಾಯಿಯಂತೆ ಬರುವುದಿಲ್ಲ. ಬಿಳಿ ಲೆಗಾರ್ನ್ ರಕ್ತ ಸೇರಿದ ಕೋಳಿಯಲ್ಲಿ ಪ್ರಬಲ ಬಿಳುಪು ಕರಿ ಬಣ್ಣವನ್ನೇ ಮುಚ್ಚಿಬಿಡುತ್ತದೆ. ಕಡಕ್‌ನಾಥ್ ಬೆರೆಸಿದರೆ ತೊಗಲಿನ ಕಪ್ಪು ಇನ್ನೊಂದು ಲೆಕ್ಕವಾಗಿ ಸೇರಿಕೊಳ್ಳುತ್ತದೆ. ಕಾಫಿ ತೋಟದಂಚಿಗೆ ಬರುವ ಬೂದು ಕಾಡುಕೋಳಿಯ ಮೇಲೂ ಕೆಲವರಿಗೆ ಕಣ್ಣಿರುತ್ತದೆ. ಸಾಕುಕೋಳಿಯ ಹಳದಿ ತೊಗಲಿನ ವಂಶವಾಹಿ ಆ ಕಾಡುಕೋಳಿಯಿಂದಲೇ ಬಂದುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಅದರ ಮೊಟ್ಟೆ ತರುವುದು ಅಪರಾಧ.

ತಂದ ಕೋಳಿಗಳನ್ನು ಮೂರು ವಾರ ಬೇರೆಯಾಗಿಯೇ ಇಡಬೇಕು. ಇದಕ್ಕೆ ರೋಗದ ಭಯವೊಂದೇ ಕಾರಣವಲ್ಲ. ಹೇಂಟೆಯ ದೇಹದಲ್ಲಿ ಹಿಂದಿನ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಅಷ್ಟು ಕಾಲ ಕಳೆಯದೆ ಎತ್ತಿಟ್ಟ ಮೊಟ್ಟೆಯ ಮರಿ ಯಾರದೆಂದು ಹೇಳಲಾಗದು. ಮುಂದೆ ಗೂಡಿನ ಹುಂಜವನ್ನು ಬದಲಿಸುವಾಗಲೂ ಇದೇ ಅಂತರ ಪಾಲಿಸಬೇಕು.

ಮೊದಲ ವರ್ಷ ಪಟ್ಟೆ ಹುಂಜವನ್ನು ಕರಿ ಬೋಳು ಕತ್ತಿನ ಹೇಂಟೆಗಳೊಡನೆ ಬಿಡಬೇಕು. ಹುಂಜ ಎರಡು ಪ್ರತಿಯದಾಗಿದ್ದರೆ ಗಂಡು ಹೆಣ್ಣೆನ್ನದೆ ಎಲ್ಲ ಮರಿಗಳೂ ಪಟ್ಟೆಯಾಗುತ್ತವೆ. ಇದನ್ನೇ ತಿರುವುಮುರುವು ಮಾಡಿ, ಪಟ್ಟೆ ಹೇಂಟೆಗೆ ಕರಿ ಹುಂಜವನ್ನು ಕೂಡಿಸಿದರೆ ಗಂಡು ಮರಿಗಳು ಮಾತ್ರ ಪಟ್ಟೆಯಾಗಿ, ಹೆಣ್ಣು ಮರಿಗಳು ಬರಿ ಕರಿಯಾಗಿ ಬರುತ್ತವೆ. ಪಟ್ಟೆಯ ವಂಶವಾಹಿ ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲಿರುವುದೇ ಇದಕ್ಕೆ ಕಾರಣ: ಹುಂಜಕ್ಕೆ ಅಂತಹ ವರ್ಣತಂತು ಎರಡು, ಹೇಂಟೆಗೆ ಒಂದೇ, ಮತ್ತು ಹೇಂಟೆ ಅದನ್ನು ಗಂಡು ಮಕ್ಕಳಿಗೆ ಮಾತ್ರ ದಾಟಿಸುತ್ತದೆ. ಹೀಗಾಗಿ ಹೇಂಟೆ ಪಟ್ಟೆಯ ವಿಷಯದಲ್ಲಿ ಏನನ್ನೂ ಒಳಗೆ ಬಚ್ಚಿಟ್ಟುಕೊಳ್ಳಲಾರದು, ಹುಂಜ ಮಾತ್ರ ಬಚ್ಚಿಡಬಲ್ಲದು. ಮರಿ ಒಡೆದ ದಿನವೇ ಆಯ್ಕೆ ಶುರುವಾಗುತ್ತದೆ. ಕತ್ತು ಬೋಳಾಗಿರುವುದು ಆಗಲೇ ಕಾಣುತ್ತದೆ. ಪಟ್ಟೆಯಾಗಲಿರುವ ಮರಿ ಕರಿ ತುಪ್ಪಳದಲ್ಲಿದ್ದು ನೆತ್ತಿಯ ಮೇಲೆ ಬಿಳಿಯ ಬೊಟ್ಟಿರುತ್ತದೆ. ಹೇಂಟೆಗಳಲ್ಲಿ ಕತ್ತಿನ ಪ್ರತಿ ಒಂದೇ ಇದ್ದರೆ ಅರ್ಧ ಮರಿಗಳು ಗರಿಗತ್ತಿನವಾಗಿ ಹುಟ್ಟುತ್ತವೆ. ಅವನ್ನು ಬೇರೆ ಮಾಡಿ ಸಾಕಿ ಸಾರಿಗೋ ಮಾರಾಟಕ್ಕೋ ಕಳಿಸಬಹುದು.

ಎರಡನೆಯ ಪೀಳಿಗೆಯಲ್ಲೇ ಲೆಕ್ಕದ ಸೊಗಸು ಇರುವುದು. ಮೊದಲ ವರ್ಷದ ಪಟ್ಟೆ ಬೋಳುಗತ್ತಿನ ಹುಂಜವನ್ನು, ಇನ್ನೊಂದು ಹುಂಜದ ಮಕ್ಕಳಾದ ಅಂತಹದೇ ಎಳೆ ಹೇಂಟೆಗಳೊಡನೆ ಕೂಡಿಸಬೇಕು. ಆಗ ಹೆಣ್ಣು ಮರಿಗಳಲ್ಲಿ ಅರ್ಧ ಪಟ್ಟೆ, ಗಂಡು ಮರಿಗಳೆಲ್ಲ ಪಟ್ಟೆಯಾದರೂ ಅವುಗಳಲ್ಲಿ ಅರ್ಧಕ್ಕೆ ಮಾತ್ರ ಎರಡು ಪ್ರತಿ. ಕತ್ತಿನ ವಿಷಯದಲ್ಲಿ ಕಾಲು ಭಾಗ ಎರಡು ಪ್ರತಿ, ಅರ್ಧ ಒಂದು ಪ್ರತಿ, ಕಾಲು ಭಾಗ ಗರಿಗತ್ತು. ಎರಡನ್ನೂ ಸೇರಿಸಿದರೆ ಪೂರ್ತಿ ಗುರಿ ಮುಟ್ಟಿದ ಕೋಳಿ ಎಂಟರಲ್ಲಿ ಒಂದು. ಸಾಕಿ ಉಳಿದ ಮರಿ 80 ಎಂದುಕೊಂಡರೆ, ಅದರಲ್ಲಿ 40 ಗಂಡಿನಲ್ಲಿ ಸುಮಾರು ಐದು, 40 ಹೆಣ್ಣಿನಲ್ಲಿ ಸುಮಾರು ಐದು. ಐದು ಹೇಂಟೆಯಿಂದ ಗುಂಪು ಕಟ್ಟುವುದು ಕಷ್ಟ. ಆದ್ದರಿಂದ ಗುಚ್ಛವಿರುವ ಪಟ್ಟೆ ಹೇಂಟೆಗಳನ್ನೂ, ಅಂದರೆ ಇನ್ನೂ ಹತ್ತನ್ನು, ಇಟ್ಟುಕೊಂಡು ಹುಂಜದಲ್ಲಿ ಮಾತ್ರ ಬಿಗಿ ಮಾಡುವುದು ಜಾಣತನ. ಗುಚ್ಛವಿಲ್ಲದ, ತಿಳಿಬೂದು ಹುಂಜವನ್ನು ಈ ಹೇಂಟೆಗಳೊಡನೆ ಬಿಟ್ಟರೆ ಮೂರನೆಯ ಪೀಳಿಗೆಯಲ್ಲಿ ಎಲ್ಲ ಮರಿಗಳೂ ಪಟ್ಟೆ, ಎಲ್ಲವೂ ಬೋಳು ಕತ್ತು. ಗುಚ್ಛದ ಹೇಂಟೆಗಳ ಮಕ್ಕಳಲ್ಲಿಯೂ ಅರ್ಧ ಗುಚ್ಛವಿಲ್ಲದವು. ನಾಲ್ಕನೆಯ ಪೀಳಿಗೆಗೆ ಗುಚ್ಛ ಪೂರ್ತಿ ಮಾಯವಾಗುವಂತೆ ಆಯಬಹುದು.

ಹುಂಜದ ಬಗ್ಗೆ ಕಣ್ಣಿಗೆ ಅನುಮಾನ ಬಂದರೆ ಪರೀಕ್ಷಾ ಕೂಡಿಕೆ ಮಾಡಬೇಕು. ಗರಿಗತ್ತಿನ ಬರಿ ಕರಿ ಹೇಂಟೆಗಳೊಡನೆ ಅದನ್ನು ಬಿಟ್ಟು ಮರಿ ಒಡೆಸಿ ನೋಡಿದಾಗ ಒಂದೇ ಒಂದು ಗರಿಗತ್ತಿನ ಮರಿ ಬಂದರೂ ಕತ್ತಿನ ಪ್ರತಿ ಒಂದೇ ಎಂದು ಸಾಬೀತಾಯಿತು. ಒಂದೇ ಒಂದು ಪಟ್ಟೆಯಿಲ್ಲದ ಮರಿ ಬಂದರೆ ಪಟ್ಟೆಯದೂ ಹಾಗೆಯೇ. ಏಳು ಮರಿಗಳೂ ಬೋಳು ಕತ್ತಿನವಾಗಿ, ಪಟ್ಟೆಯವಾಗಿ ಬಂದರೆ ಒಂದೊಂದು ಗುಣದ ಬಗ್ಗೆ ನಿರ್ಣಯ ತಪ್ಪುವ ಸಂಭವ 128ರಲ್ಲಿ ಒಂದಕ್ಕೆ ಇಳಿಯುತ್ತದೆ, ಹತ್ತು ಮರಿಗಳಾದರೆ 1024ರಲ್ಲಿ ಒಂದಕ್ಕೆ.

ಗುರುತು ಹಾಕದಿದ್ದರೆ ಈ ಲೆಕ್ಕಗಳಿಗೆಲ್ಲ ಅರ್ಥವಿಲ್ಲ. ಮೊಟ್ಟೆ ಎತ್ತಿದೊಡನೆ ಗೂಡಿನ ಸಂಖ್ಯೆ ಮತ್ತು ದಿನಾಂಕವನ್ನು ಪೆನ್ಸಿಲ್‌ನಿಂದ ಬರೆಯಬೇಕು. ಮರಿ ಒಡೆಯುವ ಹಿಂದಿನ ದಿನ ಒಂದೊಂದು ಗೂಡಿನ ಮೊಟ್ಟೆಗಳನ್ನು ಬೇರೆ ಬೇರೆ ಬಲೆಯ ಚೀಲದಲ್ಲಿಡಬೇಕು. ಮರಿಯ ಕಾಲ್ಬೆರಳುಗಳ ನಡುವಿನ ತೊಗಲಿನಲ್ಲಿ ಸಣ್ಣ ತೂತು ಮಾಡುವುದು ಹಳೆಯ, ಅಗ್ಗದ, ಬಿದ್ದುಹೋಗದ ಗುರುತು. ಎರಡು ಕಾಲಿಗೆ ಸೇರಿ ಅಂತಹ ತೊಗಲು ನಾಲ್ಕಿರುವುದರಿಂದ ತೂತು ಇರುವುದು, ಇಲ್ಲದಿರುವುದನ್ನು ಜೋಡಿಸಿ 16 ಬಗೆಯ ಗುರುತುಗಳನ್ನು ಮಾಡಬಹುದು. ದೊಡ್ಡದಾದ ಮೇಲೆ ಕಾಲಿಗೆ ಸಂಖ್ಯೆಯ ಬಳೆ ಹಾಕಿದರಾಯಿತು.

ಕಾವಿನ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಹೇಂಟೆಯಡಿ ಹತ್ತು ಹನ್ನೆರಡು ಮೊಟ್ಟೆ ಸಾಕು. ಯಂತ್ರವಾದರೆ 37.5 ಡಿಗ್ರಿ ಸೆಲ್ಸಿಯಸ್, ಮೊದಲ 18 ದಿನ ಶೇ. 50ರಿಂದ 55ರ ತೇವ, ಕೊನೆಯ ಮೂರು ದಿನ ಶೇ. 65ರಿಂದ 70. ಮೊಟ್ಟೆಯನ್ನು ಒಂದು ವಾರಕ್ಕಿಂತ ಹೆಚ್ಚು ಕೂಡಿಡದಿರುವುದು ಒಳ್ಳೆಯದು. ಬೋಳು ಕತ್ತಿನ ಎರಡು ಪ್ರತಿಯ ಭ್ರೂಣಗಳು ಮೊಟ್ಟೆಯಲ್ಲಿ ಸಾಯುವುದು ಸ್ವಲ್ಪ ಹೆಚ್ಚು, ಆದ್ದರಿಂದ ಲೆಕ್ಕಕ್ಕಿಂತ ಹೆಚ್ಚು ಮೊಟ್ಟೆ ಇಡಬೇಕು. ಕಾರ್ತಿಕದಿಂದ ಮಾಘದವರೆಗೆ ಮರಿ ಒಡೆಸಿದರೆ ಮಳೆಗಾಲ ಬರುವ ಹೊತ್ತಿಗೆ ಅವು ಗಟ್ಟಿಯಾಗಿರುತ್ತವೆ. ಆಷಾಢದ ಮರಿಗಳಿಗೆ ಒದ್ದೆ ಹಾಸಿನಿಂದ ರಕ್ತಭೇದಿ ತಗಲುವುದು ಹೆಚ್ಚು. ಚಳಿಗಾಲದ ಮರಿಗೆ ಮೊದಲ ವಾರ 35 ಡಿಗ್ರಿಯ ಶಾಖ ಬೇಕು, ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ರಾಣಿಖೇತ್ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಿ, ಮುಂದಿನ ಕಂತುಗಳನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ನಡೆಸಬೇಕು. ಮರಿಗಳು ಕಾರಣ ತಿಳಿಯದೆ ಸಾಯತೊಡಗಿದರೆ ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ಸತ್ತ ಮರಿಯನ್ನು ಬೇಗನೆ ಒಯ್ದು ತೋರಿಸುವುದು ಊಹೆಯ ಔಷಧಕ್ಕಿಂತ ಮೇಲು.

ಬಣ್ಣದ ಬೆನ್ನು ಹತ್ತಿದವರು ಒಂದೇ ಚೆಲುವಾದ ಹುಂಜಕ್ಕೆ ಜೋತುಬೀಳುವುದುಂಟು. ಒಂದು ಹುಂಜ, ಹನ್ನೆರಡು ಹೇಂಟೆ ಇಟ್ಟರೆ ಒಂದೊಂದು ಪೀಳಿಗೆಗೆ ಒಳಸಂಬಂಧ, ಅಂದರೆ ರಕ್ತಸಂಬಂಧಿಗಳೇ ಕೂಡುವುದರ ಪ್ರಮಾಣ, ಶೇ. 13ರಿಂದ 14ರಷ್ಟು ಏರುತ್ತದೆ. ಅದೇ ಹನ್ನೆರಡು ಹೇಂಟೆಗೆ ಮೂರು ಹುಂಜಗಳಿದ್ದರೆ ಏರಿಕೆ ಶೇ. 5ರ ಆಸುಪಾಸಿಗೆ ನಿಲ್ಲುತ್ತದೆ. ಅದಕ್ಕಾಗಿಯೇ ಮೂರು ಗೂಡು. ಹೆಣ್ಣು ಮರಿಗಳು ತಾಯಿಯ ಗೂಡಿನಲ್ಲೇ ಉಳಿಯಲಿ. ಒಂದನೆಯ ಗೂಡಿನ ಗಂಡು ಎರಡಕ್ಕೆ, ಎರಡರದು ಮೂರಕ್ಕೆ, ಮೂರರದು ಒಂದಕ್ಕೆ ಪ್ರತಿವರ್ಷ ಹೋಗಲಿ. ಮರಿ ಒಡೆಯುವ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದರೆ ಹೊರಗಿನಿಂದ ಅಚ್ಚಗಪ್ಪು ನಾಟಿ ಹೇಂಟೆಯೊಂದನ್ನು ಒಂದೇ ಗೂಡಿಗೆ ತಂದು, ಪಟ್ಟೆ ಮತ್ತು ಕತ್ತನ್ನು ಅಲ್ಲಿ ಎರಡು ಪೀಳಿಗೆಗಳಲ್ಲಿ ಮರಳಿ ಸರಿಪಡಿಸಿಕೊಳ್ಳಬೇಕು.

ಆಯುವಾಗ ಬಣ್ಣಕ್ಕೆ ಮೊದಲ ಸ್ಥಾನ ಕೊಡುವುದು ಮೂರನೆಯ ಪೀಳಿಗೆಯವರೆಗೆ ಮಾತ್ರ ಸರಿ. ಅಲ್ಲಿಂದ ಮುಂದೆ ಎಂಟು ಮತ್ತು ಹದಿನಾರನೆಯ ವಾರದ ತೂಕ, ತಿಂಗಳಿಗೆ ಇಟ್ಟ ಮೊಟ್ಟೆ, ಕಾವು ಕೂತು ಮರಿ ಆಡಿಸುವ ಗುಣ, ಕಾಲಿನ ನೇರ ಇವುಗಳನ್ನೂ ಬರೆದಿಟ್ಟು ನೋಡಬೇಕು. ಕಾವು ಕೂರದ ನಾಟಿ ಕೋಳಿ ಎಷ್ಟು ಚೆಂದವಿದ್ದರೂ ಹಳ್ಳಿಯ ಅಂಗಳದಲ್ಲಿ ಉಳಿಯುವುದಿಲ್ಲ. ಉಳಿದ ಹುಂಜಗಳನ್ನು ಕನಿಕರದಿಂದ ಸಾಕುತ್ತಾ ಹೋದರೆ ಗೂಡು ತುಂಬಿ ಜಗಳ, ಖರ್ಚು, ರೋಗ ಮೂರೂ ಬರುತ್ತವೆ. ಅಕ್ಕಿ ರೊಟ್ಟಿಯ ಜೊತೆಗೆ ಕೋಳಿ ಸಾರು ಮಾಡುವ ಮನೆಗಳಿಗೆ ನಾಲ್ಕೈದು ತಿಂಗಳಲ್ಲೇ ಕೊಟ್ಟುಬಿಡುವುದು ಸರಿ.

ನಾಲ್ಕನೆಯ ಪೀಳಿಗೆ ಮೊಟ್ಟೆಗೆ ಬಂದ ಮೇಲೆ ಗುಂಪಿನ ಒಂದು ಪಾಲನ್ನು ಬೇರೆ ಊರಿನ ಆಸಕ್ತರೊಬ್ಬರ ಕೈಗೆ ಕೊಟ್ಟಿರಬೇಕು. ಒಂದು ರಾತ್ರಿ ಕಾಡುಬೆಕ್ಕು ನುಗ್ಗಿದರೆ, ಒಂದು ವಾರ ರಾಣಿಖೇತ್ ಬಡಿದರೆ ನಾಲ್ಕು ವರ್ಷದ ಆಯ್ಕೆ ಹೇಳಹೆಸರಿಲ್ಲದಂತಾಗುತ್ತದೆ. ಕೊಡುವಾಗ ಒಂದೇ ಗೂಡಿನ ಜೋಡಿಯ ಬದಲು ಎರಡು ಗೂಡುಗಳ ಹೇಂಟೆ ನಾಲ್ಕು, ಮೂರನೆಯ ಗೂಡಿನ ಹುಂಜವೊಂದು, ಜೊತೆಗೆ ಅವುಗಳ ತಂದೆತಾಯಿಯ ಸಂಖ್ಯೆ ಬರೆದ ಹಾಳೆಯ ಪ್ರತಿಯನ್ನು ಕೊಡಬೇಕು.