ಪ್ರಕಟಣೆಯ ದಾರಿಯಲ್ಲಿ ಇಬ್ಬರು: ದೂರದ ಬರಹದ ಗೆಳೆತನವನ್ನು ನಡೆಸುವ ಬಗೆ

ಕೊಡಗಿನಲ್ಲಿ ಕಥೆ ಬರೆಯಲು ತೊಡಗಿದವರಿಗೆ, ಬರೆದದ್ದನ್ನು ಓದಿ ನೇರವಾಗಿ ಹೇಳುವವರು ಹತ್ತಿರದಲ್ಲಿ ಸಿಗುವುದು ಕಷ್ಟ. ಇಲ್ಲಿನ ಮನೆಗಳು ತೋಟಗಳ ನಡುವೆ ಚದುರಿಕೊಂಡಿವೆ. ಶ್ರೀಮಂಗಲದಿಂದಲೋ ಶನಿವಾರಸಂತೆಯಿಂದಲೋ ಮಡಿಕೇರಿಯ ಸಾಹಿತ್ಯ ಕಾರ್ಯಕ್ರಮಕ್ಕೆ ಬಂದವರು, ಸಂಜೆಯ ಬಸ್ಸು ತಪ್ಪೀತೆಂಬ ಚಿಂತೆಯಲ್ಲಿ, ಮಾತು ಕಾವೇರುವ ಹೊತ್ತಿಗೇ ಎದ್ದು ಹೊರಡಬೇಕಾಗುತ್ತದೆ. ಹಾಗಾಗಿ ಆನ್‌ಲೈನ್ ಕಥಾಕಮ್ಮಟದಲ್ಲೋ ವಾಟ್ಸ್‌ಆ್ಯಪ್ ಬಳಗದಲ್ಲೋ ಪರಿಚಯವಾದ, ತಮ್ಮ ಹಾಗೆಯೇ ಇನ್ನೂ ಪುಸ್ತಕ ಕಾಣದ ಇನ್ನೊಬ್ಬ ಬರಹಗಾರರ ಸ್ನೇಹ ಅನೇಕರಿಗೆ ದೊಡ್ಡ ಆಸರೆಯಾಗಿದೆ. ಆದರೆ ಇಂಥ ಸ್ನೇಹಗಳಲ್ಲಿ ಹಲವು ಪರಸ್ಪರ ಮೆಚ್ಚುಗೆಯ ಸಂದೇಶಗಳಲ್ಲೇ ಕೆಲವು ತಿಂಗಳು ನಡೆದು, ಸದ್ದಿಲ್ಲದೆ ನಿಂತುಹೋಗುತ್ತವೆ. ಇಬ್ಬರೂ ಒಬ್ಬರ ಕರಡನ್ನು ಇನ್ನೊಬ್ಬರು ಹೊಣೆಯರಿತು ಓದುವ ಕ್ರಮವನ್ನು ಮೊದಲೇ ಕಟ್ಟಿಕೊಂಡರೆ ಮಾತ್ರ ಈ ಗೆಳೆತನ ಬರವಣಿಗೆಯನ್ನು ಬೆಳೆಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ಕ್ರಮವನ್ನು ಕಟ್ಟಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಆಯ್ಕೆಯ ವಿಷಯ. ಬರವಣಿಗೆಯಲ್ಲಿ ಹೆಚ್ಚುಕಡಿಮೆ ನಿಮ್ಮಷ್ಟೇ ದೂರ ಬಂದವರನ್ನು ಆರಿಸಿಕೊಳ್ಳಿ. ಒಬ್ಬರು ಗುರುವಿನ ಸ್ಥಾನದಲ್ಲಿ ಕುಳಿತರೆ ಕೊಡುಕೊಳ್ಳುವಿಕೆ ಏಕಮುಖವಾಗುತ್ತದೆ. ಸಾಧ್ಯವಾದರೆ ಅವರು ಕೊಡಗಿನ ಹೊರಗಿನವರಾಗಿರಲಿ. ರಾಯಚೂರಿನವರೋ ಶಿರಸಿಯವರೋ ಆದರೆ ಆಗುವ ಪ್ರಯೋಜನವನ್ನು ಮುಂದೆ ಹೇಳುತ್ತೇನೆ. ಸ್ವಂತ ಕರಡನ್ನು ಕಳುಹಿಸುವುದಕ್ಕೆ ಮುನ್ನ ಇಬ್ಬರೂ ಬೇರೊಬ್ಬರ ಅಚ್ಚಾದ ಕಥೆಯೊಂದನ್ನು ಓದಿ, ಅದರ ಬಗ್ಗೆ ಅರ್ಧ ಪುಟದಷ್ಟು ಬರೆದು ವಿನಿಮಯ ಮಾಡಿಕೊಳ್ಳಿ. ಎದುರಿನವರು ಪಠ್ಯವನ್ನು ಗಮನಿಸಿ ಓದುತ್ತಾರೆಯೇ, ತಮ್ಮ ಅಭಿಪ್ರಾಯಕ್ಕೆ ಪಠ್ಯದಿಂದಲೇ ಆಧಾರ ಕೊಡುತ್ತಾರೆಯೇ ಎಂಬುದು ಆ ಅರ್ಧ ಪುಟದಲ್ಲಿ ತಿಳಿಯುತ್ತದೆ. ಕಾದಂಬರಿಯ ಹಸ್ತಪ್ರತಿಯನ್ನು ಮೊದಲ ವಾರವೇ ಕಳುಹಿಸಬೇಡಿ.

ಆಯ್ಕೆಯಾದ ಮೇಲೆ ಒಪ್ಪಂದವನ್ನು ಮಾತಿನಲ್ಲಿ ಬಿಡದೆ ಬರೆದಿಟ್ಟುಕೊಳ್ಳಬೇಕು. ತಿಂಗಳಿಗೆ ಎಷ್ಟು ಪುಟ, ಎಷ್ಟು ದಿನದೊಳಗೆ ಉತ್ತರ, ಯಾವ ಬಗೆಯ ಓದು ಎಂಬ ಮೂರು ಸಂಗತಿಗಳು ಅದರಲ್ಲಿದ್ದರೆ ಸಾಕು. ಕರಡಿನೊಡನೆ ಪ್ರಶ್ನೆಗಳನ್ನೂ ಕಳುಹಿಸುವುದು ಬಹಳ ಮುಖ್ಯ. "ನಮಸ್ಕಾರ. ಇದು ಎರಡನೆಯ ಕರಡು. ಕಾಗುಣಿತವನ್ನು ಈಗ ನೋಡಬೇಡಿ. ಅಜ್ಜಿ ತೋಟ ಮಾರಲು ಒಪ್ಪಿದ್ದು ನಿಮಗೆ ನಂಬುವಂತಿದೆಯೇ? ಎಲ್ಲಿ ಓದು ನಿಂತಿತು? ಹತ್ತು ದಿನದೊಳಗೆ ತಿಳಿಸಿದರೆ ಉಪಕಾರ" ಎಂದು ಬರೆದವರಿಗೆ ಸಿಗುವ ಉತ್ತರಕ್ಕೂ, "ಓದಿ, ಹೇಗಿದೆ ಹೇಳಿ" ಎಂದು ಬರೆದವರಿಗೆ ಸಿಗುವ ಉತ್ತರಕ್ಕೂ ಅಜಗಜಾಂತರವಿದೆ.

ವೇಳಾಪಟ್ಟಿಯನ್ನು ಹಾಕುವಾಗ ಊರಿನ ಋತುಮಾನವನ್ನು ಮರೆಯಬಾರದು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಲ್ಲಿ ತೊಡಗುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿ, ಮಾರ್ಚಿನವರೆಗೂ ತೋಟ ಮತ್ತು ಕಣದ ಕೆಲಸ ಬಿಡುವು ಕೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ದೂರದ ಸ್ನೇಹಿತರಿಗೆ ಈ ಸಂಗತಿ ಗೊತ್ತಿರುವುದಿಲ್ಲ; ವಾರಗಟ್ಟಲೆ ಉತ್ತರ ಬಾರದಿದ್ದರೆ ಅವರು ಅದನ್ನು ಉದಾಸೀನವೆಂದೇ ತಿಳಿದಾರು. ಆದ್ದರಿಂದ ಮೊದಲೇ ಹೇಳಿಡಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೆ ಕೊನೆಯ ದಿನಾಂಕ ಸಾಮಾನ್ಯವಾಗಿ ಮಳೆಗಾಲದ ನಡುವೆಯೋ ಅದರ ಕೊನೆಗೋ ಬರುವುದರಿಂದ, ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದ ಮೇಲಿನ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಕರಡು ವಿನಿಮಯಕ್ಕೆ ಮೀಸಲಿಟ್ಟು, ಜೂನ್ ಹೊಸಿಲಿಗೆ ಬರುವ ಹೊತ್ತಿಗೆ ಕಥೆಯನ್ನು ಬಹುಮಟ್ಟಿಗೆ ಮುಗಿಸಿರುವುದು ಕ್ಷೇಮ. ಮಳೆಗಾಲದಲ್ಲಿ ಓದಬೇಕಾದ ಸ್ನೇಹಿತರ ಕರಡುಗಳನ್ನು ಮೊಬೈಲಿಗೆ ಇಳಿಸಿಕೊಂಡು ಅಥವಾ ಮುದ್ರಿಸಿ ಇಟ್ಟುಕೊಂಡರೆ, ಸಂಪರ್ಕವಿಲ್ಲದ ದಿನಗಳಲ್ಲೂ ಓದು ನಡೆಯುತ್ತದೆ.

ಇನ್ನು ಓದುವ ಕ್ರಮ. ಈ ಸ್ನೇಹದ ತಿರುಳೇ ಇದು. ಕರಡನ್ನು ಮೊದಲ ಬಾರಿ ಪೆನ್ನು ಹಿಡಿಯದೆ ಓದಿ. ಎರಡನೆಯ ಬಾರಿ ಓದುವಾಗ, ಗಮನ ಎಲ್ಲಿ ಸಡಿಲವಾಯಿತು, ಎಲ್ಲಿ ಗೊಂದಲವಾಯಿತು, ಎಲ್ಲಿ ಬೆರಗಾಯಿತು ಎಂಬುದನ್ನು ಪುಟ ಮತ್ತು ಸಾಲಿನ ಸಮೇತ ಗುರುತಿಸಿ. "ಚೆನ್ನಾಗಿದೆ" ಎಂಬ ಮಾತಿನಿಂದ ಬರೆದವರಿಗೆ ಯಾವ ದಾರಿಯೂ ಕಾಣುವುದಿಲ್ಲ. "ಲೈನ್‌ಮನೆಯ ಹುಡುಗಿ ಛತ್ರಿಯನ್ನು ವಾಪಸು ಕೊಡುವಲ್ಲಿಗೆ ನನಗೆ ಕಥೆ ಮುಗಿಯಿತು, ಆಮೇಲಿನ ಎರಡು ಪ್ಯಾರಾಗಳು ಆಗಲೇ ತಿಳಿದದ್ದನ್ನು ಮತ್ತೆ ಹೇಳುತ್ತಿವೆ" ಎಂದು ಬರೆದರೆ, ಒಪ್ಪಲಿ ಬಿಡಲಿ, ಅವರ ಮುಂದೆ ಒಂದು ಖಚಿತವಾದ ಕೆಲಸವಿರುತ್ತದೆ. ಆದರೆ ಆ ಎರಡು ಪ್ಯಾರಾಗಳನ್ನು ನೀವೇ ಬೇರೆ ಬಗೆಯಲ್ಲಿ ಬರೆದು ಕಳುಹಿಸುವುದು ತರವಲ್ಲ. ಸ್ನೇಹಿತರ ವಾಕ್ಯವನ್ನು ತಿದ್ದುತ್ತಾ ಹೋದರೆ ಅವರ ಕಥೆ ನಿಮ್ಮ ಧ್ವನಿಯಲ್ಲಿ ಮಾತನಾಡತೊಡಗುತ್ತದೆ. ಹೊಸ ಬರಹಗಾರರ ಸ್ವಂತ ಧ್ವನಿ ಇನ್ನೂ ಗಟ್ಟಿಯಾಗಿರದ ಕಾಲದಲ್ಲಿ ಇದು ದೊಡ್ಡ ನಷ್ಟ. ತೊಂದರೆಯಿರುವ ಜಾಗವನ್ನು ತೋರಿಸಿ, ಪರಿಹಾರವನ್ನು ಅವರಿಗೆ ಬಿಡಿ. ಟಿಪ್ಪಣಿ ಪಡೆದವರೂ ತಕ್ಷಣ ವಾದಕ್ಕಿಳಿಯದೆ, ಎರಡು ದಿನ ಸುಮ್ಮನಿದ್ದು, ಅನಂತರ ಉತ್ತರಿಸುವ ರೂಢಿ ಮಾಡಿಕೊಳ್ಳಬೇಕು.

ಹೊರಜಿಲ್ಲೆಯ ಓದುಗರು ನಮಗೆ ಏಕೆ ಬೇಕೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಕೊಡಗಿನಲ್ಲಿ ಕನ್ನಡದಲ್ಲಿ ಬರೆಯುವ ಬಹಳ ಮಂದಿಯ ಮನೆಮಾತು ಕೊಡವ, ಅರೆಭಾಷೆ, ತುಳು, ಮಲಯಾಳ ಅಥವಾ ಯರವ. ಐನ್‌ಮನೆ, ಒಕ್ಕ, ಬಾಣೆ, ಕಪಾತು, ದೇವರಕಾಡು ಮೊದಲಾದ ಮಾತುಗಳು ನಮ್ಮ ಕಥೆಗಳಲ್ಲಿ ಸಹಜವಾಗಿ ಬರುತ್ತವೆ. ಅವುಗಳನ್ನು ಎಷ್ಟು ವಿವರಿಸಬೇಕೆಂಬುದನ್ನು ನಾವೇ ಊಹಿಸಿದರೆ, ಒಂದೋ ಪ್ರತಿ ಪದಕ್ಕೂ ಅರ್ಥ ಕೊಟ್ಟು ಕಥೆಯನ್ನು ಪಠ್ಯಪುಸ್ತಕವಾಗಿಸುತ್ತೇವೆ, ಇಲ್ಲವೇ ಓದುಗರನ್ನು ಕತ್ತಲಲ್ಲಿ ಬಿಡುತ್ತೇವೆ. ರಾಯಚೂರಿನ ಸ್ನೇಹಿತರಿಗೆ ಕರಡನ್ನು ಕಳುಹಿಸಿ, "ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯಿರಿ, ಸಂದರ್ಭದಿಂದ ಅರ್ಥ ಹೊಳೆದದ್ದನ್ನು ಹಾಗೆಯೇ ಬಿಡಿ" ಎಂದು ಕೇಳಿಕೊಳ್ಳಿ. ಗೆರೆ ಬಿದ್ದ ಪದಗಳ ಸಂಖ್ಯೆ ನೀವು ಅಂಜಿದ್ದಕ್ಕಿಂತ ಕಡಿಮೆಯೇ ಇರುತ್ತದೆ. ಪುತ್ತರಿಯ ದಿನ ಕದಿರು ಮನೆಗೆ ಬರುವ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದರೆ ಹಬ್ಬದ ವಿವರಣೆ ಬೇಕಾಗುವುದಿಲ್ಲ. ಅವರ ಜೋಳದ ಹೊಲದ ಕಥೆಗೆ ನೀವೂ ಇದೇ ಉಪಕಾರವನ್ನು ಮಾಡಬಲ್ಲಿರಿ.

ಆದರೆ ಹೊರಗಿನವರು ಹಿಡಿಯಲಾರದ ಒಂದು ತೊಡಕಿದೆ. ನಮ್ಮದು ಚಿಕ್ಕ ಜಿಲ್ಲೆ. ಇಲ್ಲಿ ಮನೆತನದ ಹೆಸರು ಹೇಳಿದರೆ ಊರು, ಕೇರಿ, ನೆಂಟಸ್ತಿಕೆ ಎಲ್ಲವೂ ತಿಳಿದುಬಿಡುತ್ತದೆ. ಕಥೆಗೆಂದು ನೀವು ಕಟ್ಟಿಕೊಂಡ, 'ಅಂಡ' ಎಂದೋ 'ಇರ' ಎಂದೋ ಕೊನೆಯಾಗುವ ಮನೆಹೆಸರು ನಿಜವಾದ ಒಕ್ಕವೊಂದರದ್ದೇ, ಅಂದರೆ ಕೊಡವ ಮನೆತನವೊಂದರದ್ದೇ ಆಗಿರುವ ಸಾಧ್ಯತೆ ಬಹಳ. ಆಸ್ತಿ ವ್ಯಾಜ್ಯವನ್ನೋ ಮನೆಯೊಳಗಿನ ಗುಟ್ಟನ್ನೋ ಕುರಿತ ಕಥೆಯಾದರೆ ಹೆಸರುಗಳನ್ನು ಊರಿನ ಹಿರಿಯರೊಬ್ಬರ ಬಳಿ ವಿಚಾರಿಸಿ, ಇಲ್ಲವೇ ಮನೆಹೆಸರನ್ನೇ ಬಿಟ್ಟು ಬರೆಯಿರಿ. ನಡೆದ ಘಟನೆಯನ್ನು ಆಧರಿಸಿದ್ದರೆ ಆ ವಿಷಯವನ್ನು ಸ್ನೇಹಿತರಿಗೂ ತಿಳಿಸಿ, ಕರಡು ಅವರಿಂದ ಮುಂದಕ್ಕೆ ಹೋಗದಂತೆ ಕೇಳಿಕೊಳ್ಳಿ.

ಕಡತಗಳ ವಿಚಾರ ಸಣ್ಣದೆನಿಸಿದರೂ ಜಗಳಕ್ಕೆ ಕಾರಣವಾಗುವುದು ಅದೇ. ಇಬ್ಬರೂ ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಸಿದ್ಧವಾದ ಕಡತ ಇನ್ನೊಬ್ಬರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕಡತದ ಹೆಸರಿನಲ್ಲಿ ಕಥೆಯ ಶೀರ್ಷಿಕೆ, ಕರಡಿನ ಸಂಖ್ಯೆ ಮತ್ತು ದಿನಾಂಕವಿರಲಿ. ಸ್ನೇಹಿತರ ಅಂತಿಮ ಕರಡುಗಳ ಪ್ರತಿಯನ್ನು ಅವರ ಒಪ್ಪಿಗೆಯಿಂದ ನೀವೂ, ನಿಮ್ಮದನ್ನು ಅವರೂ ಕಾಪಾಡಿಕೊಳ್ಳುವುದು ಒಳ್ಳೆಯದು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಸುತ್ತಮುತ್ತ ಗುಡ್ಡ ಕುಸಿದು ಮನೆಗಳೇ ಮಣ್ಣುಪಾಲಾದುದನ್ನು ಕಂಡವರಿಗೆ ಇದರ ಅಗತ್ಯವನ್ನು ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯ ಕಥೆಗಾರ್ತಿ ಕೊಡಗಿನ ಗೌರಮ್ಮನವರು 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲೇ ತೀರಿಕೊಂಡರು. ಅವರ ಕಥೆಗಳು ಸಂಕಲನಗಳಾಗಿ ಹೊರಬಂದದ್ದು ಅವರ ಕಾಲಾನಂತರ. ಬರೆದವರ ಕೈ ಮೀರಿಯೂ ಬರಹ ಉಳಿಯುವಂತೆ ನೋಡಿಕೊಳ್ಳುವ ಸ್ನೇಹ ಸಣ್ಣದಲ್ಲ.

ಮುಖ ನೋಡದ ಸ್ನೇಹವಾದುದರಿಂದ ಎಚ್ಚರವೂ ಇರಬೇಕು. ಬರವಣಿಗೆಯ ಮಾತಿನ ನಡುವೆ ಹಣದ ಬೇಡಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಭೇಟಿ ಜನರಿರುವ ಕಡೆ ಆಗಲಿ. ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿಯಂಥ ಸಂದರ್ಭ ಇದಕ್ಕೆ ಬಹಳ ಸೂಕ್ತ.

ಕಥೆ ಸಿದ್ಧವಾದ ಮೇಲೆ ಅದನ್ನು ಎಲ್ಲಿಗೆ ಕಳುಹಿಸಬೇಕೆಂಬುದನ್ನು ಇಬ್ಬರೂ ಕೂಡಿ ಯೋಚಿಸಬಹುದು. ಸುಧಾ, ತರಂಗದಂಥ ವಾರಪತ್ರಿಕೆಗಳು, ಮಯೂರ, ತುಷಾರದಂಥ ಮಾಸಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಹೊಸಬರ ಕಥೆಗಳನ್ನೂ ಪ್ರಕಟಿಸುತ್ತವೆ. ಅವುಗಳ ಇತ್ತೀಚಿನ ಕೆಲವು ಸಂಚಿಕೆಗಳನ್ನು ಹಂಚಿಕೊಂಡು ಓದಿ, ಯಾವ ಕಥೆ ಯಾವ ಪತ್ರಿಕೆಗೆ ಒಗ್ಗುತ್ತದೆಂದು ಚರ್ಚಿಸಿ. ಒಂದು ಕಥೆಯನ್ನು ಒಂದು ಸಮಯದಲ್ಲಿ ಒಂದೇ ಪತ್ರಿಕೆಗೆ ಕಳುಹಿಸಬೇಕು. ತಿರಸ್ಕಾರದ ಪತ್ರ ಬರುವುದು ಅಪರೂಪವಾದುದರಿಂದ, ಕಳುಹಿಸಿದ ದಿನಾಂಕವನ್ನು ಇಬ್ಬರಿಗೂ ಕಾಣುವ ಒಂದು ಪಟ್ಟಿಯಲ್ಲಿ ಬರೆದಿಟ್ಟು, ಪತ್ರಿಕೆ ಸೂಚಿಸಿದ ಅವಧಿ ಮುಗಿದ ಬಳಿಕ ವಿನಯದಿಂದ ವಿಚಾರಿಸಿ, ಅನಂತರವೇ ಬೇರೆಡೆಗೆ ಕಳುಹಿಸಿ. ಸ್ಪರ್ಧೆಗಳಿಗೆ ಕಳುಹಿಸುವಾಗ ಪದಮಿತಿಯನ್ನೂ, ಕಥೆಯ ಪುಟಗಳಲ್ಲಿ ಹೆಸರು ಇರಕೂಡದೆಂಬ ನಿಯಮವನ್ನೂ, ಸ್ವಂತ ರಚನೆಯೆಂಬ ದೃಢೀಕರಣ ಪತ್ರವನ್ನೂ ಒಬ್ಬರದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಅಂತರ್ಜಾಲದಲ್ಲಿ ಬಂದದ್ದನ್ನೂ ಪ್ರಕಟಿತವೆಂದೇ ಎಣಿಸುವ ಸ್ಪರ್ಧೆಗಳು ಹಲವಿರುವುದರಿಂದ ಕಥೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಒಂದೇ ಸ್ಪರ್ಧೆಗೆ ಇಬ್ಬರೂ ಬರೆಯುವುದಾದರೆ ಮುಚ್ಚಿಡದೆ ಹೇಳಿಕೊಳ್ಳಿ. ಮುಚ್ಚಿಟ್ಟದ್ದು ಫಲಿತಾಂಶದ ದಿನ ಗೊತ್ತಾದರೆ ಆಗುವ ನೋವು ಸೋಲಿನ ನೋವಿಗಿಂತ ಹೆಚ್ಚು.

ಇಬ್ಬರಲ್ಲಿ ಒಬ್ಬರ ಕಥೆ ಮೊದಲು ಅಚ್ಚಾಗುತ್ತದೆ. ಇದು ಖಂಡಿತವಾಗಿ ಬರುವ ಘಟ್ಟ. ಅಚ್ಚಾದವರು ಸುದ್ದಿಯನ್ನು ಬಳಗದಲ್ಲಿ ಹಾಕುವ ಮೊದಲು ಸ್ನೇಹಿತರಿಗೆ ತಾವೇ ಕರೆಮಾಡಿ ತಿಳಿಸಬೇಕು. ಅದೇ ವಾರ ಸ್ನೇಹಿತರಿಂದ ಬಂದ ಕರಡನ್ನು ಎಂದಿನ ಶ್ರದ್ಧೆಯಿಂದಲೇ ಓದಬೇಕು. ಇನ್ನೊಬ್ಬರು ತಮ್ಮ ಬೇಸರವನ್ನು ಅಡಗಿಸಿ ಹೊಗಳಬೇಕಾಗಿಲ್ಲ. "ಸಂತೋಷವಾಯಿತು, ಜೊತೆಗೆ ನನ್ನ ಕಥೆಯ ನೆನಪಾಗಿ ಸ್ವಲ್ಪ ಕಷ್ಟವೂ ಆಯಿತು" ಎಂದು ಹೇಳಿಕೊಳ್ಳಬಲ್ಲ ಸಲುಗೆ ಇದ್ದರೆ ಈ ಘಟ್ಟವನ್ನು ದಾಟಬಹುದು. ಸಂಪಾದಕರ ಆಯ್ಕೆಯಲ್ಲಿ ಪುಟದ ಅಳತೆ, ಆಗಲೇ ಕೈಯಲ್ಲಿರುವ ಕಥೆಗಳು, ವಸ್ತುವಿನ ಹೋಲಿಕೆ ಹೀಗೆ ಬರಹದ ಗುಣಕ್ಕೆ ಸಂಬಂಧಿಸದ ಕಾರಣಗಳೂ ಸೇರಿರುತ್ತವೆ ಎಂಬುದನ್ನು ಇಬ್ಬರೂ ನೆನಪಿನಲ್ಲಿಡಬೇಕು.

ಪುಸ್ತಕದ ಹಂತಕ್ಕೆ ಬಂದಾಗ ಕಾನೂನಿನ ತಿಳಿವಳಿಕೆಯೂ ಬೇಕಾಗುತ್ತದೆ. ಮೊದಲ ಸಂಕಲನಕ್ಕೆ ಛಂದ ಪುಸ್ತಕ ಪ್ರಕಾಶನದವರ ಹಸ್ತಪ್ರತಿ ಸ್ಪರ್ಧೆ, ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ನೀಡುವ ಪ್ರೋತ್ಸಾಹಧನದಂಥ ದಾರಿಗಳಿವೆ. ಆಯಾ ವರ್ಷದ ಪ್ರಕಟಣೆಯನ್ನು ಗಮನಿಸುತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಟಿಪ್ಪಣಿ ಕೊಟ್ಟ ಮಾತ್ರಕ್ಕೆ ಸ್ನೇಹಿತರು ಸಹಲೇಖಕರಾಗುವುದಿಲ್ಲ, ಆದರೆ ಇಬ್ಬರೂ ಸೇರಿ ಒಂದು ಕೃತಿಯನ್ನು ಬರೆಯುವುದಾದರೆ ಹೆಸರಿನ ಕ್ರಮ ಮತ್ತು ಗೌರವಧನದ ಪಾಲನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಪ್ರಕಾಶಕರಿಗೆ ಹಕ್ಕನ್ನು ವಹಿಸಿಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಪತ್ರದಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದನ್ನು ಐದು ವರ್ಷವೆಂದೂ, ವ್ಯಾಪ್ತಿಯನ್ನು ಹೇಳಿರದಿದ್ದರೆ ಭಾರತವೆಂದೂ ಕಾಯ್ದೆಯ 19ನೇ ಕಲಮು ಎಣಿಸುತ್ತದೆ. ಸಹಿ ಹಾಕುವ ಮುನ್ನ ಒಪ್ಪಂದವನ್ನು ಸ್ನೇಹಿತರೂ ಒಮ್ಮೆ ಓದಲಿ.

ಕೊನೆಯ ಪ್ರೂಫನ್ನು ಮಾತ್ರ ಇಬ್ಬರೂ ಓದಲೇಬೇಕು. ಪುಟವಿನ್ಯಾಸಕ್ಕಾಗಿ ಯೂನಿಕೋಡ್ ಪಠ್ಯವನ್ನು ಹಳೆಯ ಫಾಂಟಿಗೆ ಬದಲಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಟ್ಟಿರುತ್ತವೆ, ಕೆಲವೊಮ್ಮೆ ಉದ್ಧರಣ ಚಿಹ್ನೆಗಳೇ ಮಾಯವಾಗಿರುತ್ತವೆ. ಬರೆದವರ ಕಣ್ಣಿಗೆ ಇವು ಬೀಳುವುದಿಲ್ಲ, ಏಕೆಂದರೆ ಅವರು ತಮ್ಮ ನೆನಪಿನಲ್ಲಿರುವುದನ್ನೇ ಓದುತ್ತಾರೆ. ಸ್ನೇಹಿತರು ಗುರುತಿಸಿದ ತಪ್ಪುಗಳನ್ನೂ ನಿಮ್ಮವನ್ನೂ ಒಂದೇ ಪ್ರತಿಯಲ್ಲಿ ಸೇರಿಸಿ, ಕೊಡವ ಅಥವಾ ಅರೆಭಾಷೆಯ ಮಾತುಗಳು ತಪ್ಪೆಂದು ತಿಳಿದು ಯಾರಾದರೂ ತಿದ್ದಿಬಿಡದಂತೆ ಅವುಗಳ ಪಕ್ಕದಲ್ಲಿ "ಹೀಗೆಯೇ ಇರಲಿ" ಎಂದು ಬರೆದು, ಪ್ರಕಾಶಕರಿಗೆ ಕಳುಹಿಸಿ.