ಮನಸ್ಸು ಕುಗ್ಗಿದಾಗ ನಡಿಗೆ ಶುರು ಮಾಡುವುದು ಹೇಗೆ?

ಅಪ್ಪ ತೀರಿಕೊಂಡ ಮೇಲೆ ಸುಮಾರು ಆರು ತಿಂಗಳು ನಾನು ಹಾಸಿಗೆ ಬಿಟ್ಟು ಎದ್ದದ್ದೇ ಕಡಿಮೆ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಡಾಕ್ಟರು ಖಿನ್ನತೆ ಅಂದರು, ಮಾತ್ರೆ ಬರೆದುಕೊಟ್ಟರು, ದಿನಾ ವಾಕಿಂಗ್ ಮಾಡಿ ಅಂತಲೂ ಹೇಳಿದರು. ಮಾತ್ರೆ ನುಂಗಿದೆ. ವಾಕಿಂಗ್ ಮಾತ್ರ ಆಗಲಿಲ್ಲ.

ಒಂದು ಬೆಳಗ್ಗೆ ಎದುರುಮನೆ ಅಕ್ಕ ಹಾಲಿನ ಕ್ಯಾನ್ ಹಿಡಿದು ಬಾಗಿಲಿಗೆ ಬಂದರು. "ಏಳಮ್ಮಾ, ಡೇರಿಗೆ ಹಾಲು ಹಾಕಿ ಬರೋಣ. ಒಬ್ಬಳೇ ಹೋಗೋಕೆ ಬೇಜಾರು" ಅಂದರು. ವ್ಯಾಯಾಮದ ಮಾತೇ ಎತ್ತಲಿಲ್ಲ. ಕೆದರಿದ ತಲೆಯಲ್ಲೇ ಹೋದೆ. ಕೋಲಾರದ ಪಕ್ಕದ ನಮ್ಮೂರಲ್ಲಿ ಡೇರಿಗೆ ಹೋಗಿ ಬರಲು ಹತ್ತು ನಿಮಿಷ ಸಾಕು. ನನ್ನ ಚಿಕಿತ್ಸೆಯ ಆ ಭಾಗ ಶುರುವಾಗಿದ್ದು ಹಾಗೆ.

ಇದನ್ನು ಚಿಕಿತ್ಸೆ ಎಂದು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮಾತ್ರೆ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಎರಡೂ. ವ್ಯಾಯಾಮ ಅಂದರೆ ವಾರಕ್ಕೆ ಮೂರು ಸಲ 30 ನಿಮಿಷದ ಬಿರುಸು ನಡಿಗೆ ಅಥವಾ ನಿಧಾನದ ಓಟ. 16 ವಾರ ಕಳೆಯುವಷ್ಟರಲ್ಲಿ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಚೇತರಿಸಿಕೊಂಡಿದ್ದರು. ಮಾತ್ರೆ ತಗೊಂಡವರಿಗೆ ಮೊದಮೊದಲು ಬೇಗ ಗುಣ ಕಂಡಿತ್ತು. ಇದು 1999ರಲ್ಲಿ ಪ್ರಕಟವಾಯಿತು. 2024ರಲ್ಲಿ 218 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಇವು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಕಂಡುಬಂತು.

ಮೊದಲು ಡಾಕ್ಟರ ಹತ್ತಿರ

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಮಂಕಾಗೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಿಪಿ, ಹೃದಯದ ತೊಂದರೆ, ಮಂಡಿನೋವು ಇದ್ದರೆ ಅದನ್ನೂ ಹೇಳಿ. ನಡಿಗೆ ಶುರು ಮಾಡಿದ್ದೇನೆ ಅಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಬದುಕೇ ಬೇಡ ಅನ್ನಿಸುತ್ತಿದ್ದರೆ ಆ ಹೊತ್ತಿಗೆ ಬೇಕಿರುವುದು ವಾಕಿಂಗ್ ಅಲ್ಲ. ಜೊತೆಯಲ್ಲಿ ಇರುವವರಿಗೆ ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ವಾರ ಚಪ್ಪಲಿ ಮೆಟ್ಟುವುದಷ್ಟೇ

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಮನಸ್ಸು ಬಂದಾಗ ಹೋಗೋಣ ಎಂದು ಕಾದರೆ ಆಗುವುದಿಲ್ಲ. ಮನಸ್ಸು ಬರದಿರುವುದೇ ಈ ಕಾಯಿಲೆ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ರಾತ್ರಿಯೇ ಚಪ್ಪಲಿಯನ್ನು ಬಾಗಿಲ ಹತ್ತಿರ ಇಡಿ. ಬೆಳಗ್ಗೆ ಉಡುವ ಬಟ್ಟೆಯನ್ನೇ ಉಟ್ಟು ಮಲಗಿದರೂ ಪರವಾಗಿಲ್ಲ. ನಾನು ಹಾಗೇ ಮಾಡುತ್ತಿದ್ದೆ. ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಿ ಬೀದಿ ಕೊನೆಯವರೆಗೆ ಹೋಗಿ ವಾಪಸ್ ಬನ್ನಿ. ಐದು ನಿಮಿಷ ಸಾಕು. ಹೋಗೋಕೆ ಒಂದು ನೆಪ ಇದ್ದರೆ ಇನ್ನೂ ಸುಲಭ. ಹಾಲು, ಹೂವು, ದೇವಸ್ಥಾನ, ಏನಾದರೂ ಸರಿ. ಬಂದ ಮೇಲೆ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗೀಟು ಎಳೆಯಿರಿ. ಮನಸ್ಸು ಹೇಗಿದೆ ಅಂತ ದಿನಾ ಅಳೆಯೋಕೆ ಹೋಗಬೇಡಿ.

ಮನೆಯವರಿಗೂ ಒಂದು ಮಾತು. "ಸುಮ್ನೆ ಮಲಗಿರ್ತೀಯಲ್ಲ, ಎದ್ದು ಓಡಾಡು" ಅಂದರೆ ಮಲಗಿದವರು ಇನ್ನಷ್ಟು ಕುಗ್ಗುತ್ತಾರೆ. ಅಕ್ಕನ ಥರ ನೀವೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಕೊಳ್ಳಿ. ದಾರಿಯಲ್ಲಿ ಬುದ್ಧಿ ಹೇಳಬೇಡಿ. ಅಕ್ಕ ನನ್ನ ಜೊತೆ ಮಾತಾಡಿದ್ದೆಲ್ಲ ಹಸುವಿನ ಬಗ್ಗೆ, ಟೊಮೆಟೊ ರೇಟಿನ ಬಗ್ಗೆ.

ಎಷ್ಟು ಹೊತ್ತು, ಎಷ್ಟು ಜೋರು?

ಎರಡನೇ ವಾರದಿಂದ ಮೂರ್ನಾಲ್ಕು ದಿನಕ್ಕೊಮ್ಮೆ ಎರಡೆರಡು ನಿಮಿಷ ಸೇರಿಸುತ್ತಾ ಹೋಗಿ. ಒಂದೂವರೆ ಎರಡು ತಿಂಗಳಲ್ಲಿ 30 ನಿಮಿಷಕ್ಕೆ ಬಂದರೆ ಒಳ್ಳೆಯದು. ವಾರಕ್ಕೆ ಮೂರು ದಿನದಿಂದ ಐದು ದಿನ. ಮೊದಲ ಐದು ನಿಮಿಷ ನಿಧಾನವಾಗಿ, ಆಮೇಲೆ ಸ್ವಲ್ಪ ಬಿರುಸಾಗಿ. ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಉಸಿರು ಸಾಲಬಾರದು. ಅಷ್ಟು ಬಿರುಸು ಸಾಕು. ಕೋಲಾರ ಪೇಟೆಯಲ್ಲಿ ಇರುವವರಿಗೆ ಕ್ರೀಡಾಂಗಣ ಇದೆ. ಊರಿನ ಪಕ್ಕದ ಅಂತರಗಂಗೆ ಬೆಟ್ಟದ ಮೆಟ್ಟಿಲು ಆರಂಭಕ್ಕೆ ಬೇಡ, ಎರಡು ಮೂರು ತಿಂಗಳಾಗಲಿ.

ನಡೆಯೋಕೆ ಆಗದವರು ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ. ನೀರು ತುಂಬಿದ ಒಂದೊಂದು ಲೀಟರಿನ ಎರಡು ಬಾಟಲಿಗಳನ್ನು ಕೈಯಲ್ಲಿ ಹಿಡಿದು ಎತ್ತಿ ಇಳಿಸಿ. ಯೋಗದ ತರಗತಿ ಹತ್ತಿರ ಇದ್ದರೆ ಅದೂ ಆಗುತ್ತದೆ.

"ಹೊಲದಲ್ಲಿ ದಿನವಿಡೀ ದುಡಿಯುತ್ತೇವಲ್ಲ, ಅದು ಸಾಲದಾ?" ಎಂದು ನಮ್ಮ ಕಡೆ ತುಂಬ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಟೊಮೆಟೊ ಬಾಕ್ಸ್ ಹೊತ್ತು ದಣಿದವರಿಗೆ ಇನ್ನಷ್ಟು ದಣಿಯಿರಿ ಅನ್ನೋಕೆ ಮನಸ್ಸು ಬರುವುದಿಲ್ಲ. ಆದರೆ ಸಾಲದ ಚಿಂತೆಯಲ್ಲಿ ಬೆನ್ನು ಬಗ್ಗಿಸುವುದೂ ನಮಗಾಗಿ ಅಂತ ಒಂದಷ್ಟು ಹೊತ್ತು ಎತ್ತಿಟ್ಟು ನಡೆಯುವುದೂ ಮನಸ್ಸಿಗೆ ಒಂದೇ ಅಲ್ಲ. ಅಂಥವರು ಸಂಜೆ ಜೊತೆಗಾರರೊಬ್ಬರನ್ನು ಕರೆದುಕೊಂಡು ಕೆರೆ ಏರಿ ಮೇಲೆ ನಿಧಾನವಾಗಿ ಹದಿನೈದು ನಿಮಿಷ ಅಡ್ಡಾಡಿದರೆ ಸಾಕು.

ತಪ್ಪಿದ ದಿನ

ತಪ್ಪಿಯೇ ತಪ್ಪುತ್ತದೆ. ಮಳೆ ಬರುತ್ತದೆ, ಜ್ವರ ಬರುತ್ತದೆ, ಏಳಲಾಗದ ಬೆಳಗ್ಗೆಗಳೂ ಬರುತ್ತವೆ. ಬಿಟ್ಟುಹೋದದ್ದನ್ನು ಒಂದೇ ದಿನ ತುಂಬಿಸಲು ಹೋಗಬೇಡಿ. ಮತ್ತೆ ಐದು ನಿಮಿಷದಿಂದ ಶುರು ಮಾಡಿ. ನನಗೆ ಮೊದಲು ನಿದ್ದೆ ಸರಿಹೋಯಿತು. ಆಮೇಲೆ ಹಸಿವು. ಮನಸ್ಸು ಹಗುರಾಗಿದೆ ಎಂದು ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು.

ಆಮೇಲೆ ಅಕ್ಕನ ಮನೆ ಹಸುವಿನ ಹಾಲು ಬತ್ತಿತು. ಡೇರಿಗೆ ಹೋಗುವ ನೆಪವೇ ಇಲ್ಲವಾಯಿತು. ಎರಡು ವಾರ ನಾನು ಮತ್ತೆ ಮಲಗಿಬಿಟ್ಟೆ. ಕೊನೆಗೆ ಒಂದು ಬೆಳಗ್ಗೆ ಚಪ್ಪಲಿ ಮೆಟ್ಟಿ ನಾನೇ ಹೋಗಿ ಅವರ ಬಾಗಿಲು ತಟ್ಟಿದೆ. "ಅಕ್ಕಾ, ಒಬ್ಬಳೇ ಹೋಗೋಕೆ ಬೇಜಾರು, ಬರ್ತೀರಾ?" ಅಂದೆ.