ಒಂದು ಹೆಲ್ಮೆಟ್, ಮೂರು ಬಗೆಯ ಸಂಶೋಧನೆ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪರಾಮರ್ಶನ ವಿಭಾಗ ನೋಡಿಕೊಳ್ಳುವ ನನಗೆ ಕಾನೂನು, ವೈದ್ಯಕೀಯ, ಇಂಜಿನಿಯರಿಂಗ್ ಈ ಮೂರೂ ಕಡೆಯ ಸಂಶೋಧನಾ ವಿದ್ಯಾರ್ಥಿಗಳ ಒಡನಾಟವಿದೆ. ‘ಈ ವಿಷಯದ ಮೇಲೆ ಇದುವರೆಗೆ ಏನೇನು ಬಂದಿದೆ, ಹುಡುಕಿಕೊಡಿ ಸರ್’ ಎಂದೇ ಎಲ್ಲರೂ ಕೇಳುತ್ತಾರೆ. ಕೋರಿಕೆ ಒಂದೇ ಆದರೂ ಹುಡುಕುವ ದಾರಿ ಮೂರಕ್ಕೂ ಬೇರೆ. ದ್ವಿಚಕ್ರ ವಾಹನದ ಹೆಲ್ಮೆಟ್ ಕುರಿತು ಮೂರು ವಿಭಾಗಗಳು ಸೇರಿ ಅಧ್ಯಯನ ಮಾಡಲು ಹೊರಟಾಗ ಆಕರ ಸಂಗ್ರಹದ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹಿಡಿದದ್ದು ವೈದ್ಯಕೀಯವನ್ನು. ಅಲ್ಲಿ ಹುಡುಕಾಟಕ್ಕೆ ಒಳ್ಳೆಯ ಶಿಸ್ತಿದೆ. ವೈದ್ಯಕೀಯ ಲೇಖನಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ಬಹುತೇಕ ಲೇಖನಗಳಿಗೆ ನಿಗದಿತ ವಿಷಯಸೂಚಿ ಪದಗಳನ್ನು ಅಂಟಿಸುವ ಪದ್ಧತಿ ಇರುವುದರಿಂದ, ಲೇಖಕರು ಯಾವ ಹೆಸರಿನಿಂದ ಕರೆದಿದ್ದರೂ ತಲೆಯ ರಕ್ಷಣಾ ಸಾಧನದ ಬರಹಗಳು ಒಟ್ಟಿಗೆ ಸಿಗುತ್ತವೆ. ಹಿಂದಕ್ಕೆ ಹೋಗುತ್ತಾ ಹೋದರೆ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಅವರ ಲೇಖನ ಎದುರಾಗುತ್ತದೆ. 1935ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಗಾಯಗೊಂಡ ಟಿ.ಇ. ಲಾರೆನ್ಸ್ (‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದವರು) ಅವರ ಕೊನೆಯ ದಿನಗಳಲ್ಲಿ ಚಿಕಿತ್ಸೆಗೆ ಹೋದವರಲ್ಲಿ ಕೇರ್ನ್ಸ್ ಕೂಡ ಒಬ್ಬರು. ಎರಡನೇ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ 2,279 ಸವಾರರು ಮತ್ತು ಹಿಂಬದಿ ಸವಾರರ ಲೆಕ್ಕ ಆ ಲೇಖನದಲ್ಲಿದೆ. ಹೆಲ್ಮೆಟ್ ಧರಿಸಿ ಗಾಯಗೊಂಡವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಇಂದಿನ ಪರೀಕ್ಷಕರು ಏಳು ಜನರ ಸಾಕ್ಷ್ಯವನ್ನು ಒಪ್ಪುವುದಿಲ್ಲ. ಆದರೆ ಸರಿಯಾದ ಪ್ರಶ್ನೆಯನ್ನು ಮೊದಲು ಎತ್ತಿದವರ ಮೇಲೆ ನನಗಿರುವ ಗೌರವ ಅದರಿಂದ ಕಡಿಮೆಯಾಗಿಲ್ಲ.

ಅರ್ಧ ಜನರಿಗೆ ಹೆಲ್ಮೆಟ್ ಕೊಟ್ಟು ಅರ್ಧ ಜನರನ್ನು ಬರಿತಲೆಯಲ್ಲಿ ಕಳಿಸಿ ಪ್ರಯೋಗ ಮಾಡುವಂತಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ನಡೆದ ಅಪಘಾತಗಳ ಅವಲೋಕನ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2008ರ ಸಮೀಕ್ಷೆ ಅಂಥ 61 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ ಎಂದಿತು. ಹೆಲ್ಮೆಟ್ ಧರಿಸುವವರು ಸ್ವಭಾವತಃ ನಿಧಾನವಾಗಿ ಓಡಿಸುವವರು, ಕುಡಿಯದವರು ಆಗಿದ್ದರೆ ಆ ಲಾಭದ ಎಷ್ಟು ಪಾಲು ಹೆಲ್ಮೆಟ್ಟಿನದು? ಈ ಅನುಮಾನವನ್ನು ಆಯಾ ಅಧ್ಯಯನ ಹೇಗೆ ನಿಭಾಯಿಸಿದೆ ಎಂಬುದನ್ನು ಪ್ರತಿ ನಮೂದಿನ ಪಕ್ಕದಲ್ಲಿ ಬರೆದುಕೊಂಡೆ. ವೈದ್ಯಕೀಯದ ವಿದ್ಯಾರ್ಥಿಗೆ ಇದಿಲ್ಲದ ಆಕರಪಟ್ಟಿಯಿಂದ ಪ್ರಯೋಜನವಿಲ್ಲ.

ಇಂಜಿನಿಯರಿಂಗ್‌ಗೆ ಬಂದಾಗ ಲೇಖನಗಳಿಗಿಂತ ಮೊದಲು ಮಾನದಂಡಗಳನ್ನು ತೆಗೆದೆ. ನಮ್ಮಲ್ಲಿ ಹೆಲ್ಮೆಟ್ಟಿಗಿರುವ ಭಾರತೀಯ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಯುರೋಪಿನ ಹಳೆಯ 22.05 ಮಾನದಂಡದಲ್ಲಿ ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಗಟ್ಟಿ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ಅಂದರೆ ಗಂಟೆಗೆ 27 ಕಿ.ಮೀ. ‘ಬೈಕು ಅದಕ್ಕಿಂತ ಎಷ್ಟೋ ಜೋರಾಗಿ ಹೋಗುತ್ತದಲ್ಲ ಸರ್, ಇದೆಂಥ ಪರೀಕ್ಷೆ?’ ಎಂದು ಕಾನೂನಿನ ವಿದ್ಯಾರ್ಥಿನಿ ಕೇಳಿದರು. ಬಿದ್ದ ಸವಾರನ ತಲೆ ನೆಲಕ್ಕೆ ನೇರವಾಗಿ ಅಪ್ಪಳಿಸುವ ವೇಗ ಬೇರೆ, ಬೈಕಿನ ವೇಗ ಬೇರೆ. 7.5 ಮೀಟರ್ ವೇಗ ಬರಬೇಕಾದರೆ ಸುಮಾರು 2.9 ಮೀಟರ್ ಎತ್ತರದಿಂದ ಬೀಳಬೇಕು. ಬೈಕಿನ ಮೇಲೆ ಕೂತವನ ತಲೆ ಅಷ್ಟು ಎತ್ತರದಲ್ಲಿ ಇರುವುದಿಲ್ಲ. ಗೋಡೆಗೋ ಕಂಬಕ್ಕೋ ಗುದ್ದಿದಾಗ ಈ ಲೆಕ್ಕ ತಪ್ಪುತ್ತದೆ. ತಲೆ ಓರೆಯಾಗಿ ಬಡಿದು ಒಳಗೆ ಮಿದುಳು ತಿರುಚಿಕೊಳ್ಳುವ ಹಾನಿಯನ್ನು ಅಳೆಯಲು ಅದೇ ಮಾನದಂಡದ ಹೊಸ ಆವೃತ್ತಿ 22.06ರಲ್ಲಿ ಹೊಸ ಪರೀಕ್ಷೆಯನ್ನೇ ಸೇರಿಸಿದ್ದಾರೆ.

ತಲೆ ಎಷ್ಟು ಹೊಡೆತ ತಾಳಬಲ್ಲದು ಎಂಬ ಇಂಜಿನಿಯರುಗಳ ಅಳತೆಯ ಬೇರು ಹುಡುಕಿದಾಗ ನನಗೆ ಬಹಳ ಖುಷಿಯಾಯಿತು. ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶವಗಳ ತಲೆಬುರುಡೆ ಒಡೆಯುವ ಮಟ್ಟವನ್ನು ಅಳೆದ ಪ್ರಯೋಗಗಳಿಂದ ಅದು ಬೆಳೆದು ಬಂದಿದೆ. ಪ್ರಯೋಗಾಲಯದ ಲೋಹದ ತಲೆಯ ಹಿಂದೆ ವೈದ್ಯಕೀಯ ಕಾಲೇಜಿನ ಶವಾಗಾರವಿದೆ ಎಂದು ತೋರಿಸಿದ ಮೇಲೆ ಎರಡು ವಿಭಾಗದ ಹುಡುಗರೂ ಒಂದೇ ಮೇಜಿಗೆ ಬಂದು ಕೂತರು.

ಕಾನೂನಿನಲ್ಲಿ ಸಂಖ್ಯೆಗೆ ಎರಡನೇ ಸ್ಥಾನ. ಹೆಲ್ಮೆಟ್ ಕಡ್ಡಾಯ ಮಾಡುವ, ಮೋಟಾರು ವಾಹನಗಳ ಕಾಯ್ದೆ 1988ರ 129ನೇ ಕಲಮಿನಿಂದ ಶುರು ಮಾಡಿದೆ. ತೀರ್ಪು ಹುಡುಕಿದ ಮೇಲೆ ಅದು ಇನ್ನೂ ಊರ್ಜಿತದಲ್ಲಿದೆಯೇ, ಮುಂದಿನ ಪೀಠ ತಳ್ಳಿಹಾಕಿದೆಯೇ ಎಂದು ನೋಡಲೇಬೇಕು. ಅತ್ಯಂತ ಹೊಸದು, ಅತಿ ಹೆಚ್ಚು ಉಲ್ಲೇಖಗೊಂಡದ್ದು ಎಂಬ ಲೆಕ್ಕ ಇಲ್ಲಿ ಸಾಲದು. ಯಾವ ನ್ಯಾಯಾಲಯ ಹೇಳಿತು, ಹೇಳಿದ್ದು ತೀರ್ಪಿನ ತಿರುಳೋ ಪ್ರಾಸಂಗಿಕ ಮಾತೋ ಎಂಬುದೇ ತೂಕ. 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೈಕಿನಲ್ಲಿ ಮೂವರು ಕೂತದ್ದು ನಿಯಮದ ಉಲ್ಲಂಘನೆಯಾದರೂ, ಅದು ಅಪಘಾತಕ್ಕೆ ಅಥವಾ ಅದರ ಪರಿಣಾಮಕ್ಕೆ ಕಾರಣವಾಯಿತೆಂದು ಸಾಬೀತಾಗದೆ ಸತ್ತವನ ಮೇಲೆ ನಿರ್ಲಕ್ಷ್ಯದ ಪಾಲು ಹೊರಿಸಲಾಗದು ಎಂದಿತು. ಹೆಲ್ಮೆಟ್ ಇಲ್ಲದ ಸವಾರನ ಪರಿಹಾರದಲ್ಲಿ ಕಡಿತ ಮಾಡಬೇಕೇ ಎಂದು ವಾದಿಸುವವರಿಗೆ ಈ ತರ್ಕ ಬೇಕಾಗುತ್ತದೆ.

ಮೂರೂ ಎದುರುಬದುರಾಗುವುದು ಇಲ್ಲಿಯೇ. ನ್ಯಾಯಮಂಡಳಿಯ ಮುಂದೆ ಇರುವುದು ಒಬ್ಬ ವ್ಯಕ್ತಿ, ಅವನ ಒಂದು ಗಾಯ. ವೈದ್ಯಕೀಯದ ಶೇ 42 ಸಾವಿರಾರು ಜನರ ಬಗ್ಗೆ ಹೇಳುತ್ತದೆ, ಈ ಒಬ್ಬನು ಉಳಿಯುತ್ತಿದ್ದನೇ ಎಂದು ಹೇಳುವುದಿಲ್ಲ. ಇಂಜಿನಿಯರಿಂಗ್‌ನ ಪರೀಕ್ಷೆಯಲ್ಲಿ ಮನುಷ್ಯನೇ ಇಲ್ಲ. ಈ ಅಂತರವನ್ನು ಗುರುತಿಸದೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಎತ್ತಿಕೊಂಡು ಹೋಗುವ ಮಹಾಪ್ರಬಂಧಗಳನ್ನು, ಅವುಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ನೋಡಿದಾಗ ಬೇಸರವಾಗುತ್ತದೆ.

ಅದಕ್ಕೇ ಒಟ್ಟು ಆಕರಪಟ್ಟಿಯನ್ನು ವಿಭಾಗವಾರು ಮಾಡದೆ ಪ್ರಶ್ನೆವಾರು ಮಾಡಿದೆ. ಉದಾಹರಣೆಗೆ ಹೆಲ್ಮೆಟ್ಟನ್ನು ಗದ್ದದ ಕೆಳಗೆ ಕಟ್ಟುವ ಪಟ್ಟಿ (ಸ್ಟ್ರ್ಯಾಪ್). ಪಟ್ಟಿ ಬಿಗಿಯಾಗಿ ಕಟ್ಟಿರಬೇಕೆಂದು 129ನೇ ಕಲಮು ಬಿಡಿಸಿ ಹೇಳುತ್ತದೆ. ಪ್ರಯೋಗಾಲಯ ಪಟ್ಟಿಯ ಬಲವನ್ನು ಪ್ರತ್ಯೇಕವಾಗಿ ಎಳೆದು ನೋಡುತ್ತದೆ. ಆದರೆ ನಾನು ಓದಿದ ಎಷ್ಟೋ ಆಸ್ಪತ್ರೆ ಅಧ್ಯಯನಗಳಲ್ಲಿ ಹೆಲ್ಮೆಟ್ ಇತ್ತು, ಇರಲಿಲ್ಲ ಎಂಬ ಎರಡೇ ಅಂಕಣ. ಇದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ವೈದ್ಯಕೀಯ ವಿದ್ಯಾರ್ಥಿ ತನ್ನ ದತ್ತಾಂಶ ನಮೂನೆಗೆ ಪಟ್ಟಿ ಕಟ್ಟಿತ್ತೇ, ಐಎಸ್‌ಐ ಗುರುತಿತ್ತೇ ಎಂಬ ಎರಡು ಪ್ರಶ್ನೆ ಸೇರಿಸಿಕೊಂಡರು.

ಈಗ ಕೈಯಲ್ಲಿರುವುದು ಮಕ್ಕಳ ಹೆಲ್ಮೆಟ್. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ಬೈಕಿನಲ್ಲಿ ಕರೆದೊಯ್ಯುವಾಗ ಹೆಲ್ಮೆಟ್, ಸುರಕ್ಷಾ ಪಟ್ಟಿ, 40 ಕಿ.ಮೀ. ವೇಗದ ಮಿತಿ ಎಂಬ ಕೇಂದ್ರದ ನಿಯಮ 2022ರಲ್ಲಿ ಪ್ರಕಟವಾಯಿತು. ಎಳೆಯ ಕುತ್ತಿಗೆ ಎಷ್ಟು ತೂಕ ಹೊರಬಲ್ಲದು ಎಂಬಲ್ಲಿಂದ ಹುಡುಕಾಟ ಆರಂಭಿಸಿದ್ದೇನೆ.